ಹಾಗಲಕಾಯಿ ಚಿಪ್ಸಿಗೆ ಬೇಕಾದ ಬಿಸಿಲು

ನನಗೆ ಸಿಟ್ಟು ಬೇಗ ಬರುತ್ತದೆ, ಇಳಿಯುವುದು ನಿಧಾನ. ದೊಡ್ಡನೆಕ್ಕುಂದಿಯಲ್ಲಿ ಭಾಗ್ಯಮ್ಮ ಅಂದರೆ ಎಲ್ಲರಿಗೂ ಇದು ಗೊತ್ತು. ಆದರೆ ಈ ಸಲದ ಸಿಟ್ಟು ಸುಮ್ಮನೆ ಬಂದದ್ದಲ್ಲ. ನಮ್ಮ ತಾರಸಿಯ ಮೇಲೆ ಬೀಳುತ್ತಿದ್ದ ಬಿಸಿಲನ್ನು ಹಾಡಹಗಲೇ ಎತ್ತಿಕೊಂಡು ಹೋದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ, ನೀವೇ ಹೇಳಿ.

ಮೊದಲು ನಮ್ಮ ಯಜಮಾನರ ವಿಷಯ. ಗಂಡನ ಹೆಸರು ಹೇಳಬಾರದು ಅನ್ನುತ್ತಾರೆ, ನಾನು ಹೇಳುತ್ತೇನೆ: ಚಿಕ್ಕಬೈರಪ್ಪ. ರಾಗಿ ಹೊಲ ಇದ್ದಷ್ಟು ಕಾಲ ಆ ಮನುಷ್ಯನಿಗೆ ಒಂದು ನೆಗಡಿಯೂ ಬರಲಿಲ್ಲ. ಹೊಲ ಮಾರಿ, ಮನೆ ಮೇಲೆ ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟ ಮೇಲೆ ಅವರಿಗೆ ಕೆಲಸ ಅಂತ ಉಳಿದದ್ದು ಬಾಯಾಡಿಸುವುದೊಂದೇ. ಬೆಳಗ್ಗೆ ಬೇಕರಿ, ಸಂಜೆ ಬೋಂಡದ ಗಾಡಿ, ನಡುವೆ ಜೇಬಿನಲ್ಲಿ ಖಾರಾಸೇವೆಯ ಪೊಟ್ಟಣ. ಸಕ್ಕರೆ ಕಾಯಿಲೆ ಬಂತು. ಕಾಲಿನ ಗಾಯ ಮಾಯಲಿಲ್ಲ, ಎಡಗಾಲಿನ ಹೆಬ್ಬೆರಳನ್ನು ತೆಗೆದರು. ಕರಿದದ್ದು, ಮೈದಾದ್ದು ಹೀಗೇ ತಿನ್ನುತ್ತಿದ್ದರೆ ಮುಂದೆ ಪಾದವೇ ಹೋಗುತ್ತದೆ ಎಂದು ಡಾಕ್ಟರು ನನ್ನ ಮುಖ ನೋಡಿ ಹೇಳಿದರು. ಇವರು ಮಾತ್ರ ಯಾರದೋ ಕಾಲಿನ ಸುದ್ದಿ ಕೇಳಿದವರಂತೆ ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತಿದ್ದರು.

ಅನ್ನ ಬಿಡಿಸಿದೆ, ಮುದ್ದೆ ಸಣ್ಣದು ಮಾಡಿದೆ. ಕುರುಕಲು ಬಿಡಿಸುವುದು ಮಾತ್ರ ನನ್ನಿಂದ ಆಗಲಿಲ್ಲ. ಬಾಯಲ್ಲಿ ಏನಾದರೊಂದು ಕರುಮ್ ಅನ್ನದಿದ್ದರೆ ಅವರಿಗೆ ಸಂಜೆಯೇ ಆಗುವುದಿಲ್ಲ. ಬೈದೆ, ಅತ್ತೆ, ಮಾತು ಬಿಟ್ಟೆ. ಅವರು ಕ್ಯಾರೇ ಅನ್ನಲಿಲ್ಲ.

ನಮ್ಮ ಮೇಲಿನ ಮಹಡಿಯಲ್ಲಿ ಬಾಡಿಗೆಗಿರುವ ಸೌಮ್ಯ ಅಂತ ಒಂದು ಹುಡುಗಿ, ಯಾವುದೋ ಐಟಿ ಕಂಪನಿಯವಳು. ಒಂದು ಭಾನುವಾರ ನನ್ನ ಗೋಳು ಕೇಳಿ, ಮೊಬೈಲಿನಲ್ಲಿ ಏನೋ ತೋರಿಸಿದಳು. "ಆಂಟಿ, ಕರೀದೇ, ಬೇಯಿಸ್ದೇ ಚಿಪ್ಸ್ ಮಾಡ್ಬೋದು. ಹಸಿ ತರಕಾರಿನೇ ಸಣ್ಣ ಶಾಖದಲ್ಲಿ ಒಣಗಿಸೋದು ಅಷ್ಟೆ. ಡೀಹೈಡ್ರೇಟರ್ ಅಂತ ಮಷೀನ್ ಬರತ್ತೆ, ನನ್ಹತ್ರ ಇದೆ."

"ಅಯ್ಯೋ, ಒಣಗ್ಸಕ್ಕೆ ಮಷೀನ್ ಯಾಕವ್ವ?" ಅಂದೆ. "ಮ್ಯಾಲೆ ಸೂರ್ಯ ಇಲ್ವ?"

ಸಂಡಿಗೆ ಹಪ್ಪಳ ಹಾಕಿಕೊಂಡೇ ಬೆಳೆದವಳು ನಾನು. ಹಿಟ್ಟು ಬೇಯಿಸದೆ, ಕೊನೆಗೆ ಕರಿಯದೆ ತಿನ್ನುವುದು ಅಂದಾಗ ಮೊದಲು ಮೂಗು ಮುರಿದೆ. ಆಮೇಲೆ ಕೈ ಹಾಕಿದೆ. ಹಾಗಲಕಾಯಿಯನ್ನು ತೆಳ್ಳಗೆ ಬಿಲ್ಲೆ ಹೆಚ್ಚಿ, ಹುಣಸೆ ರಸಕ್ಕೆ ಚಿಟಿಕೆ ಉಪ್ಪು, ಖಾರದಪುಡಿ ಹಾಕಿ ಅದರಲ್ಲಿ ನೆನೆಸಿದೆ. ಟೊಮೆಟೊ, ನೆನೆಸಿದ ಅಗಸೆ ಬೀಜ, ಮೊಳಕೆ ರಾಗಿ, ಜೀರಿಗೆ ಎಲ್ಲ ಸೇರಿಸಿ ರುಬ್ಬಿ, ಪ್ಲಾಸ್ಟಿಕ್ ಹಾಳೆಯ ಮೇಲೆ ಹಪ್ಪಳದಷ್ಟು ತೆಳ್ಳಗೆ ಸವರಿದೆ. ಮೇಲೆ ಹಳೆಯ ಪಂಚೆ ಹೊದಿಸಿ ತಾರಸಿಯಲ್ಲಿ ಬಿಟ್ಟೆ. ಒಣಗುವವರೆಗೂ ಕೋಲು ಹಿಡಿದು ಕಾಗೆ ಬಾರದಂತೆ ಕಾದೆ. ಅಷ್ಟು ಹಾಗಲಕಾಯಿ ಒಣಗಿದ ಮೇಲೆ ಒಂದು ಡಬ್ಬಿ ತುಂಬಲಿಲ್ಲ, ಆದರೆ ಬೆರಳಲ್ಲಿ ಮುರಿದರೆ ಪಟ್ ಅನ್ನುತ್ತಿತ್ತು.

ಹೆಸರು ಹೇಳದೆ ತಟ್ಟೆಗೆ ಹಾಕಿ ಮುಂದಿಟ್ಟೆ. ಒಂದು ಬಾಯಿಗೆ ಹಾಕಿಕೊಂಡರು. ಕರುಮ್ ಅಂದಿತು. ಇನ್ನೊಂದು ತೆಗೆದುಕೊಂಡರು. "ಯಾವ ಅಂಗ್ಡೀದಮ್ಮಿ ಇದು?" ಅಂದರು. ನಾನು ಅಡುಗೆಮನೆಗೆ ಹೋಗಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡೆ. ಅಂದಿನಿಂದ ಬೇಕರಿ ಕಡೆ ಹೋಗಲಿಲ್ಲ. ಆಸ್ಪತ್ರೆಯಲ್ಲಿ ರಕ್ತ ನೋಡಿದಾಗ ಸಕ್ಕರೆ ಇಳಿದಿತ್ತು, ಕಾಲಿನ ಗಾಯ ಕೆಂಪಗೆ ಕೂಡಿಕೊಳ್ಳುತ್ತ ಬಂದಿತ್ತು. ಡಾಕ್ಟರು ಇದನ್ನೇ ಮುಂದುವರಿಸಿ ಅಂದರು.

ಮುಂದುವರಿಸಲು ಬಿಟ್ಟರೆ ತಾನೇ. ನಮ್ಮ ಮನೆಗೆ ದಕ್ಷಿಣಕ್ಕೆ, ನಮ್ಮದೇ ರಾಗಿ ಹೊಲವಿದ್ದ ಜಾಗದಲ್ಲಿ, ಅಪಾರ್ಟ್‌ಮೆಂಟು ಏಳುತ್ತ ಏಳುತ್ತ ಆಕಾಶಕ್ಕೇ ಹೋಯಿತು. ಅದರ ಇಂಗ್ಲಿಷ್ ಹೆಸರಿನಲ್ಲಿ ಸೂರ್ಯ ಇದ್ದಾನಂತೆ, ಸೌಮ್ಯ ಹೇಳಿದಳು. ಕೇಳಿ ಮೈಯೆಲ್ಲ ಉರಿಯಿತು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುತ್ತಾನೆ. ಮೋಡವಿಲ್ಲದ, ಒಣಗಿಸಲು ಹೇಳಿ ಮಾಡಿಸಿದಂಥ ದಿನಗಳಲ್ಲೇ ನಮ್ಮ ತಾರಸಿ ಬೆಳಗಿನಿಂದ ಸಂಜೆಯವರೆಗೆ ನೆರಳಲ್ಲಿ ಮುಳುಗಿತು. ಹಾಗಲಕಾಯಿ ಚಪ್ಪಲಿಯ ಚರ್ಮದ ಹಾಗಾಯಿತು. ರಾಗಿ ಹಾಳೆಯ ಮೇಲೆ ಬಿಳಿ ಬೂಷ್ಟು ಬಂತು. ಅಕ್ಕಪಕ್ಕದವರ ತಾರಸಿ ಕೇಳೋಣವೆಂದರೆ ಎಲ್ಲರೂ ತಗಡಿನ ಶೀಟು ಹೊದಿಸಿ ಅಲ್ಲಿಗೂ ಬ್ಯಾಚುಲರ್ ಹುಡುಗರನ್ನು ತುಂಬಿಸಿದ್ದಾರೆ.

ಸೌಮ್ಯ ತನ್ನ ಮಷೀನು ತಂದುಕೊಟ್ಟಳು. ಪಾಪ, ಒಳ್ಳೆಯ ಹುಡುಗಿ. ಆದರೆ ಅದು ಇಡೀ ದಿನ ಗುರ್ ಅನ್ನಬೇಕು, ನಮ್ಮ ಏರಿಯಾದಲ್ಲಿ ಕರೆಂಟು ಇಡೀ ದಿನ ಇದ್ದದ್ದು ಯಾವಾಗ? ಅರ್ಧ ಒಣಗಿದ್ದು ನಿಂತಲ್ಲೇ ಹುಳಿ ಬಂದು ನಾರಿತು. ತಲೆಯ ಮೇಲೆ ಪುಕ್ಕಟೆ ಬೀಳುತ್ತಿದ್ದದ್ದನ್ನು ಕಸಿದುಕೊಂಡು, ಈಗ ಬೆಸ್ಕಾಂನವರ ದಯೆಗೆ ಕಾಯಿ ಅಂದರೆ ಯಾವ ನ್ಯಾಯ?

ಒಂದು ಸಂಜೆ ಒಗೆಯಲು ತೆಗೆದ ಅಂಗಿಯ ಜೇಬಿನಲ್ಲಿ ಎಣ್ಣೆ ಹಿಡಿದ ಕಾಗದ ಸಿಕ್ಕಿತು. ಖಾರಾಸೇವೆ. ಅದನ್ನು ಅವರ ಮುಖಕ್ಕೆ ಹಿಡಿದೆ.

"ಏನ್ ಮಾಡ್ಲಮ್ಮಿ," ಅಂದರು, ನೆಲ ನೋಡುತ್ತ. "ನೀನ್ ಕೊಡೋದು ಈಗ ಜಗಿಯಕ್ಕೇ ಆಗಕಿಲ್ಲ."

ಕಾಲು ನೋಡಿದೆ. ಗಾಯದ ಅಂಚು ಮತ್ತೆ ತೇವವಾಗಿತ್ತು. "ಆ ಬಿಲ್ಡಿಂಗ್ನೋರ್ ತಾರ್ಸಿ ಮ್ಯಾಲೆ ಒಣಗಾಕ್ತೀನಿ, ಕೇಳ್ತೀನಿ ನೋಡಿ," ಅಂದೆ.

"ಬ್ಯಾಡ ಕಣಮ್ಮಿ. ಮಾರ್ದೋರು ನಾವು. ಮಾರ್ಕಂಡ್ ಮ್ಯಾಲೆ ಅವರ ಬಾಗ್ಲಿಗೋಗಿ ಕೇಳಕೆ ನಾಚ್ಕೆ ಆಗಕಿಲ್ವ?"

ಕಟ್ಟಡಕ್ಕೆ ಪಾಯ ತೆಗೆದ ದಿನದಿಂದ ಅವರು ಆ ಕಡೆಗೆ ಕಾಲೇ ಇಟ್ಟಿರಲಿಲ್ಲ. ಆಸ್ಪತ್ರೆಗೆ ಹೋಗುವಾಗಲೂ ಆಟೋದವನಿಗೆ ಆ ರಸ್ತೆ ಬೇಡ ಅನ್ನುತ್ತಿದ್ದರು. ನಾಚಿಕೆ ಅವರಿಗಿರಲಿ, ಪಾದ ಉಳಿಯಬೇಕಲ್ಲ. ನಾನು ಹೊರಟೆ.

ಗೇಟಿನಲ್ಲಿ ಸಿದ್ದರಾಜು ಅಂತ ಸೆಕ್ಯುರಿಟಿ, ಕನಕಪುರದ ಕಡೆಯವನು. "ಯಾವ್ ಫ್ಲಾಟ್‌ಗೆ ಅಕ್ಕ?" ಅಂದ.

"ಫ್ಲಾಟ್‌ಗಲ್ಲಪ್ಪ, ಬಿಸ್ಲಿಗೆ ಬಂದಿದೀನಿ."

ಅವನು ಪಾಪ ಏನು ಮಾಡಬೇಕೋ ತಿಳಿಯದೆ ಸೆಕ್ರೆಟರಿಗೆ ಫೋನು ಮಾಡಿದ. ಸೆಕ್ರೆಟರಿ ಭಾನುಪ್ರಕಾಶ್ ಇಳಿದು ಬಂದರು. ಮೆತ್ತನೆಯ ಮಾತು, ಕಾಲಿಗೆ ಓಡುವ ಬೂಟು. ನಾನು ಎಲ್ಲ ಹೇಳಿದೆ. ಕಾಲಿನ ವಿಷಯ, ಡಾಕ್ಟರ ವಿಷಯ, ಬೂಷ್ಟಿನ ವಿಷಯ. ಮೇಲೆ ಒಂದು ಮೂಲೆ ಕೊಡಿ, ಚಳಿಗಾಲ ಕಳೆಯುವವರೆಗೆ, ಅಷ್ಟೇ ಅಂದೆ.

"ಆಂಟಿ, ಟೆರೇಸ್ ಕಾಮನ್ ಏರಿಯಾ. ರೆಸಿಡೆಂಟ್ಸ್‌ಗೆ ಮಾತ್ರ," ಅಂದರು. "ಜಾಗಕ್ಕೆ ಬಿಲ್ಡರ್ ನಿಮ್ಗೆ ಫುಲ್ ಪೇಮೆಂಟ್ ಮಾಡಿದಾರಲ್ವಾ?"

"ಮಣ್ಣಿಗೆ ಕೊಟ್ಟವ್ರೆ ಸಾರ್. ಮಣ್ ಮಾರಿದ್ವಿ. ಬಿಸ್ಲೂ ಮಾರಿದ್ವಾ?"

ಅವರು ನಕ್ಕರು. ಚೆನ್ನಾಗಿ ಮಾತಾಡ್ತೀರ ಅಂದರು. ಭಾನುವಾರ ಅಸೋಸಿಯೇಷನ್ ಮೀಟಿಂಗ್ ಇದೆ, ಬಂದು ನೀವೇ ಹೇಳಿ, ಸ್ಯಾಂಪಲ್ ಇದ್ದರೆ ತನ್ನಿ ಅಂದರು.

ಸ್ಯಾಂಪಲ್ ಇತ್ತು. ನೆರಳು ಬೀಳುವ ಮೊದಲು ಒಣಗಿಸಿದ್ದರಲ್ಲಿ ಒಂದೇ ಒಂದು ಡಬ್ಬಿ ಉಳಿಸಿದ್ದೆ. ನಮ್ಮ ಯಜಮಾನರು ಬೋಂಡದ ಗಾಡಿಯ ಕಡೆ ಮುಖ ಮಾಡಿದ ಸಂಜೆಗಳಲ್ಲಿ ಎಣಿಸಿದಂತೆ ನಾಲ್ಕೇ ನಾಲ್ಕು ಕೊಟ್ಟು ಕೂರಿಸುತ್ತಿದ್ದದ್ದು ಅದರಿಂದಲೇ. ಅದನ್ನೇ ತೆಗೆದುಕೊಂಡು ಹೋದೆ. ತಾರಸಿ ಸಿಕ್ಕಿದರೆ ಹತ್ತು ಡಬ್ಬಿ ಮಾಡಬಹುದಲ್ಲ ಅಂದುಕೊಂಡೆ.

ಎಸಿ ಹಾಕಿದ ದೊಡ್ಡ ಹಾಲ್, ಪ್ಲಾಸ್ಟಿಕ್ ಕುರ್ಚಿಗಳು. ನನ್ನ ಡಬ್ಬಿ ಕೈಯಿಂದ ಕೈಗೆ ಹೋಯಿತು. ಎಲ್ಲರ ಬಾಯಲ್ಲೂ ಕರುಮ್ ಕರುಮ್. "ವಾವ್, ಹಾಗಲಕಾಯಿ ಅಂತ ಗೊತ್ತೇ ಆಗಲ್ಲ." "ಫುಲ್ ರಾ ಅಂತೆ, ಆಯಿಲ್ಲೇ ಇಲ್ಲ." ಒಬ್ಬಾಕೆ ಹಿಡಿ ತುಂಬ ತೆಗೆದು ಮಗುವಿನ ಕೈಗೆ ಕೊಟ್ಟಳು. ಇನ್ನೊಬ್ಬರು ಕೊನೆಯ ಪುಡಿಯನ್ನೂ ಅಂಗೈಗೆ ಸುರಿದುಕೊಂಡು ನೆಕ್ಕಿದರು. ನಾನು ಖುಷಿಯಾಗಿಯೇ ನೋಡುತ್ತಿದ್ದೆ, ದಡ್ಡಿ.

ಆಮೇಲೆ ವಿಷಯಕ್ಕೆ ಬಂದರು. ಟೆರೇಸಿನಲ್ಲಿ ತಿಂಡಿ ಒಣಗಿಸಿದರೆ ಕಾಗೆ ಬರುತ್ತದೆ ಎಂದರು ಒಬ್ಬರು. ಇವತ್ತು ಇವರಿಗೆ ಕೊಟ್ಟರೆ ನಾಳೆ ಊರಿನವರೆಲ್ಲ ಬರುತ್ತಾರೆ ಎಂದರು ಇನ್ನೊಬ್ಬರು. ಹೊರಗಿನವರು ಲಿಫ್ಟು ಬಳಸುವುದು ಸೇಫಲ್ಲ ಎಂದರು ಮತ್ತೊಬ್ಬರು, ಬೆರಳಿಗೆ ಹತ್ತಿದ ಖಾರ ಚೀಪುತ್ತಲೇ. ಭಾನುಪ್ರಕಾಶ್ ಕೈ ಎತ್ತಿಸಿದರು. ನನ್ನ ಪರವಾಗಿ ಒಂದು ಕೈಯೂ ಏಳಲಿಲ್ಲ.

"ಸಾರಿ ಆಂಟಿ," ಎಂದರು. ಹಿಡಿ ತುಂಬ ತೆಗೆದಿದ್ದಾಕೆ ಬಾಗಿಲವರೆಗೂ ಬಂದು, "ಆಂಟಿ, ವೀಕ್ಲಿ ಸಪ್ಲೈ ಮಾಡ್ತೀರಾ? ನಮ್ಮನೇಲಿ ಎಲ್ರಿಗೂ ಇಷ್ಟ ಆಗತ್ತೆ," ಅಂದಳು.

"ಎಲ್ ಒಣಗಿಸ್ಲಿ ತಾಯಿ, ನಿನ್ ತಲೆ ಮ್ಯಾಲಾ?" ಅಂದೆ. ಅವಳ ಮುಖ ಸಣ್ಣಗಾಯಿತು. ಆಗಲಿ. ಕಾಲು ಹೋಗುವ ಮನುಷ್ಯನ ಬಾಯಿಗೆ ಸೇರಬೇಕಾದದ್ದನ್ನು ನೆಕ್ಕಿ ತಿಂದು, ಕೈ ಒರೆಸಿಕೊಂಡು ಆಗಲ್ಲ ಅಂದವರು ಇವರು. ಇವರಿಗೆ ಇನ್ನೆಂಥ ಮರ್ಯಾದೆ ಕೊಡಲಿ?

ಮನೆಗೆ ಬಂದಾಗ ಯಜಮಾನರು ಜಗಲಿಯಲ್ಲಿ ಕೂತಿದ್ದರು. ಡಬ್ಬಿ ತೆಗೆದು ನೋಡಿದರು, ಮುಚ್ಚಿದರು. ಬೈದಿದ್ದರೆ ವಾಸಿಯಿತ್ತು.

ಬೆಳಗಾಗುವ ಹೊತ್ತಿಗೆ ನಾನು ಹಾಗಲಕಾಯಿ ಹೆಚ್ಚಿ ಮುಗಿಸಿದ್ದೆ. ಅಪಾರ್ಟ್‌ಮೆಂಟಿನವರ ಗೇಟು ಇರುವುದು ಕಟ್ಟಡದ ಪೂರ್ವಕ್ಕೆ. ಅಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಸುಡುವ ಬಿಸಿಲು. ಗೇಟಿನ ಮುಂದಿನ ರಸ್ತೆಯನ್ನು ದಿನಾ ಗುಡಿಸಿ ತೊಳೆಯುತ್ತಾರೆ, ನಮ್ಮ ಬೀದಿಯ ಹಾಗೆ ದೂಳಿಲ್ಲ. ಅದು ಅವರ ರಸ್ತೆಯಲ್ಲ, ನಮ್ಮ ಊರಿನ ಕೆರೆ ದಾರಿ. ಹಿಂದೆ ಸುಗ್ಗಿಯಲ್ಲಿ ಇದೇ ದಾರಿಯ ಉದ್ದಕ್ಕೂ ಹುರುಳಿ ಹರಡುತ್ತಿದ್ದೆವು, ಹೋಗಿ ಬರುವ ಗಾಡಿಗಳೇ ತುಳಿದು ಕಾಳು ಬಿಡಿಸುತ್ತಿದ್ದವು. ನಾನು ಪ್ಲಾಸ್ಟಿಕ್ ಹಾಳೆಯನ್ನು ಗೇಟಿಗೆ ಅಡ್ಡವಾಗಿಯೇ ಹಾಸಿದೆ, ಹಾಗಲಕಾಯಿ ಬಿಲ್ಲೆಗಳನ್ನು ಒಂದೊಂದಾಗಿ ಜೋಡಿಸಿ ಪಂಚೆ ಹೊದಿಸಿದೆ, ಕೋಲು ಹಿಡಿದು ಕೂತೆ.

ಆಫೀಸಿಗೆ ಹೊರಟ ಕಾರುಗಳು ಒಂದರ ಹಿಂದೊಂದು ನಿಂತವು. ಹಾರನ್ನು ಶುರುವಾಯಿತು. ಸಿದ್ದರಾಜು ಓಡಿ ಬಂದು, "ಅಕ್ಕ, ನನ್ ಕೆಲ್ಸ ಓಯ್ತದೆ," ಎಂದು ಕೈ ಮುಗಿದ. "ನಿನ್ನ್ ಯಾರೂ ತೆಗ್ಯಲ್ಲ, ನಿನ್ ಸಾಹೇಬ್ರನ್ ಕರಿ," ಅಂದೆ. ಭಾನುಪ್ರಕಾಶ್ ಬಂದರು. ಈಗ ಮಾತು ಮೆತ್ತಗಿರಲಿಲ್ಲ. ಪಬ್ಲಿಕ್ ರೋಡು, ನ್ಯೂಸೆನ್ಸು, ಪೊಲೀಸು ಅಂದರು. ಕರೆಸಿ ಅಂದೆ.

ಆಗ ನಮ್ಮ ಬೀದಿಯ ತಿರುವಿನಲ್ಲಿ ಯಜಮಾನರು ಕಾಣಿಸಿದರು. ಗೋಡೆ ಹಿಡಿದುಕೊಂಡು, ಎಡಗಾಲನ್ನು ಹಿಮ್ಮಡಿಯ ಮೇಲೆ ಊರುತ್ತ, ಬರುತ್ತಿದ್ದರು. ಮರ್ಯಾದೆ ಕಳೆದೆಯಲ್ಲೇ ಎಂದು ರಟ್ಟೆ ಹಿಡಿದು ಎಬ್ಬಿಸಲು ಬಂದರು ಅಂದುಕೊಂಡೆ. ಎಲ್ಲರ ಎದುರು ಏನು ಉತ್ತರ ಕೊಡಲಿ ಎಂದು ಮಾತು ಜೋಡಿಸಿಕೊಂಡೂ ಇದ್ದೆ.

ಅವರು ಭಾನುಪ್ರಕಾಶರ ಕಡೆ ನೋಡಲೇ ಇಲ್ಲ. ತಲೆ ಎತ್ತಿ ಕಟ್ಟಡವನ್ನು ಬುಡದಿಂದ ತುದಿಯವರೆಗೆ ನೋಡಿದರು, ಬಹಳ ಹೊತ್ತು. ಆಮೇಲೆ ನನ್ನ ಭುಜ ಹಿಡಿದು, ನಿಧಾನವಾಗಿ ಹಾಳೆಯ ಪಕ್ಕದಲ್ಲಿ ಕೂತು, ಬ್ಯಾಂಡೇಜು ಸುತ್ತಿದ ಕಾಲನ್ನು ಮುಂದಿನ ಕಾರಿನ ಎದುರಿಗೆ ನೀಡಿದರು. ಕಾರಿನವನು ಹಾರನ್ನಿನಿಂದ ಕೈ ತೆಗೆದ.

ಪಂಚೆಯ ಅಂಚು ಸರಿಸಿ ಒಂದು ಬಿಲ್ಲೆ ಎತ್ತಿ ಬಾಯಿಗೆ ಹಾಕಿಕೊಂಡರು. ಜಗಿದರು. ಮುಖ ಕಿವುಚಿದರು.

"ಇನ್ನೂ ಒಣಗಿಲ್ಲ ಕಣಮ್ಮಿ," ಅಂದರು.

"ಒಣಗೋಗಂಟ ಕೂತ್ಕಳಿ ಅಂಗಾದ್ರೆ," ಅಂದೆ.