ಏಕಾಂತಪ್ಪ ಮೇಷ್ಟ್ರ ನೂರಕ್ಕೆ ನೂರು

ಮೂವತ್ತೈದು ವರ್ಷದ ನೌಕರಿಯಲ್ಲಿ ಏಕಾಂತಪ್ಪ ಮೇಷ್ಟ್ರು ಏಳನೇ ತರಗತಿಯ ಒಬ್ಬ ಹುಡುಗನನ್ನೂ ನಪಾಸಾಗಲು ಬಿಟ್ಟವರಲ್ಲ. ಹುಡುಗರು ಕಲಿತರೋ ಇಲ್ಲವೋ ಅದು ಬೇರೆ ಮಾತು. ಫಲಿತಾಂಶ ಮಾತ್ರ ಪ್ರತಿ ವರ್ಷ ನೂರಕ್ಕೆ ನೂರು. ಪರೀಕ್ಷೆಯ ಕೋಣೆಯಲ್ಲಿ ಅವರು ಕೆಮ್ಮಿದರೆ ಒಂದು ಉತ್ತರ, ಕನ್ನಡಕ ಒರೆಸಿದರೆ ಇನ್ನೊಂದು. ಬೇರೆ ಯಾರಾದರೂ ಹೇಳಿಕೊಟ್ಟರೆ ಮಾತ್ರ ಅವರಿಗೆ ಮೈಯೆಲ್ಲಾ ಉರಿಯುತ್ತಿತ್ತು. ಅದು ಕಾಪಿ, ತಾವು ಮಾಡುವುದು ಮಕ್ಕಳ ಮೇಲಿನ ಕರುಣೆ.

ಇಂಥವರ ಕೈಗೆ, ೨೦೦೩ರ ಆಗಸ್ಟಿನಲ್ಲಿ, ಚಳ್ಳಕೆರೆಯ ಇನ್ನೂರು ಮುದುಕರನ್ನು ಪರೀಕ್ಷೆ ಮಾಡುವ ಕೆಲಸ ಬಂತು. ಬಹಳ ಕಾಲ ಮನಸ್ಸು ಕುಗ್ಗಿದವರಿಗೆ ಮುಂದೆ ಮರೆವಿನ ಕಾಯಿಲೆ ಹೆಚ್ಚಾಗಿ ಬರುತ್ತದೆಯೇ ಎಂದು ಸಂಶೋಧನೆ ಮಾಡುತ್ತಿದ್ದ ಡಾಕ್ಟರ್ ಶಿಲ್ಪಾಗೆ ಊರಿನ ಮರ್ಯಾದಸ್ಥರೊಬ್ಬರು ಬೇಕಿತ್ತು. ಅರವತ್ತು ದಾಟಿದವರ ಮನೆಗೆ ಹೋಗಿ ನೆನಪಿನ ಬಗ್ಗೆ ಒಂದು ಹಾಳೆ, ಮನಸ್ಸಿನ ಬಗ್ಗೆ ಒಂದು ಹಾಳೆ ತುಂಬಿಸಿ ಕಳಿಸಬೇಕು. ಬೇಸರ ಹೆಚ್ಚಿದ್ದವರನ್ನು ಡಾಕ್ಟರು ಕರೆಸಿ ಔಷಧಿ ಕೊಡುತ್ತಾರೆ.

ಮೇಷ್ಟ್ರು ತಾವಾಗಿಯೇ ಮುಂದೆ ಬಿದ್ದು ಒಪ್ಪಿಕೊಂಡರು. ಅದಕ್ಕೊಂದು ಕಾರಣವಿತ್ತು. ಎರಡು ತಿಂಗಳ ಹಿಂದೆ ಈರುಳ್ಳಿ ತರಲು ಹೊರಟವರು ಮೊಳಕಾಲ್ಮೂರು ಬಸ್ಸು ಹತ್ತಿ, ಎಂಟು ವರ್ಷದ ಹಿಂದೆ ತಾವು ನಿವೃತ್ತರಾದ ಶಾಲೆಯ ಗೇಟಿನ ಮುಂದೆ ಇಳಿದಿದ್ದರು. ಕೈಯಲ್ಲಿ ಖಾಲಿ ಚೀಲ. ಅಂದಿನಿಂದ ಹೆಂಡತಿ ಬಸವಲಿಂಗಮ್ಮ, "ಏನ್ರಿ, ಒಂದ್ಸಲ ಡಾಕ್ಟ್ರಿಗೆ ತೋರಿಸ್ಕಳ್ರಿ" ಎಂದು ಬೆನ್ನು ಹತ್ತಿದ್ದರು. ಮೇಷ್ಟ್ರಿಗೆ ಆ ಮಾತು ಕೇಳಿದರೇ ಹೆದರಿಕೆ. ಈಗ ಹಾಳೆಗಳ ಕಟ್ಟನ್ನು ಮೇಜಿನ ಮೇಲೆ ಬಡಿದು, "ಮರೆವು ಇರೋನ ಕೈಲಿ ಯಾರಾದ್ರೂ ಮರೆವಿನ ಪರೀಕ್ಷೆ ಮಾಡಿಸ್ತಾರೇನೇ?" ಎಂದರು. ಬಸವಲಿಂಗಮ್ಮ ಅಡುಗೆಮನೆಗೆ ಹೋದರು.

ಊರಿನ ಮಾನ ಈಗ ಮೇಷ್ಟ್ರ ಕೈಯಲ್ಲಿತ್ತು. ಕುರಿ ಕಾಯುವ ದುರುಗಕ್ಕನನ್ನು ಪ್ರಧಾನಮಂತ್ರಿ ಯಾರೆಂದು ಕೇಳಿದರೆ, "ಯಾರಾದ್ರೆ ನಂಗೇನಪ್ಪ, ಬಂದು ನಮ್ಮ ಕುರಿ ಕಾಯ್ತಾರಾ?" ಎಂದಳು. ಮೇಷ್ಟ್ರು 'ಉತ್ತರ ಗೊತ್ತಿದೆ, ಹೇಳಲು ಸಂಕೋಚ' ಎಂದು ಬರೆದು ಪೂರ್ತಿ ಅಂಕ ಕೊಟ್ಟರು.

ಎಣ್ಣೆ ಮಿಲ್ಲುಗಳ ಯಂತ್ರ ರಿಪೇರಿ ಮಾಡುತ್ತಿದ್ದ ಬಾಬಾ ಜಾನ್ ಮೇಷ್ಟ್ರಿಗೆ ನಲವತ್ತು ವರ್ಷಗಳಿಂದ ಗೆಳೆಯ. ಅವನಿಗೆ 'ಕೊಡ, ಕಂಬಳಿ, ನಿಂಬೆಹಣ್ಣು' ಎಂಬ ಮೂರು ಪದ ಹೇಳಿ, ಐದು ನಿಮಿಷ ಬಿಟ್ಟು ಕೇಳಿದರು. ಅವನಿಗೆ ಒಂದೂ ಹೊಳೆಯಲಿಲ್ಲ. ಮೇಷ್ಟ್ರು ಮೂಲೆಯ ಕೊಡದತ್ತ ಕಣ್ಣು ಹೊರಳಿಸಿ, ಹೆಗಲ ಕಂಬಳಿ ಜಗ್ಗಿ, ಹುಳಿ ತಿಂದವರಂತೆ ಮುಖ ಕಿವುಚಿದರು. ಮೂರೂ ಪದ ಬಂದವು. ಆಮೇಲೆ ಮನಸ್ಸಿನ ಹಾಳೆ.

"ಜೀವನ ತೃಪ್ತಿಯಾಗಿ ಐತೇನೋ?"

"ಇಲ್ಲ ಮೇಷ್ಟ್ರೇ" ಎಂದ ಬಾಬಾ ಜಾನ್. "ದಿಲ್ಶಾದ್ ಹೋಗಿ ವರ್ಷಾತು. ಈಗ್ಲೂ ಎರಡು ಲೋಟ ಚಾ ಮಾಡ್ತೀನಿ. ಒಂದು ಹಂಗೇ ಆರೋಗ್ತೈತೆ. ಅದನ್ನ ಚೆಲ್ಲೋಕೂ ಕೈ ಬರಲ್ಲ."

ಮೇಷ್ಟ್ರ ಪೆನ್ನು ಒಂದು ಗಳಿಗೆ ನಿಂತಿತು. ಹೆಂಡತಿಯನ್ನು ಕಳೆದುಕೊಂಡ ಗೆಳೆಯನನ್ನು ನಪಾಸು ಮಾಡುವುದೇ? "ಲೇ, ಹಂಗಂದ್ರೆ ಮಾರ್ಕ್ಸ್ ಹೋಗ್ತೈತೆ ಕಣೋ" ಎಂದು ಗದರಿ, 'ತೃಪ್ತಿ ಇದೆ' ಎಂದು ಬರೆದರು.

ಮೇಷ್ಟ್ರ ಪಟ್ಟಿಯಿಂದ ಯಾರಿಗೂ ಡಾಕ್ಟರ ಕರೆ ಬರಲಿಲ್ಲ. ದೀಪಾವಳಿಯ ಹೊತ್ತಿಗೆ ಬಾಬಾ ಜಾನನ ವರ್ಕ್‌ಶಾಪಿನ ಬಾಗಿಲು ಮುಚ್ಚಿತು. ಅವನು ಸ್ನಾನ ಮಾಡುವುದನ್ನೇ ಬಿಟ್ಟ. ಬಸವಲಿಂಗಮ್ಮ ದಿನಾ ಹೇಳಿ ಕಳಿಸಿ ಮನೆಗೆ ಕರೆಸಿ ರೊಟ್ಟಿ ಹಾಕುತ್ತಿದ್ದರು. ಅರ್ಧ ತಿಂದು ಏಳುತ್ತಿದ್ದ.

ಫೆಬ್ರವರಿಯಲ್ಲಿ ಡಾಕ್ಟರ್ ಶಿಲ್ಪಾ ತಾವೇ ಮೇಷ್ಟ್ರ ಮನೆಗೆ ಬಂದರು. ಇನ್ನೂರು ಮುದುಕರಲ್ಲಿ ಒಬ್ಬರಿಗೂ ಮರೆವಿಲ್ಲ, ಒಬ್ಬರಿಗೂ ಬೇಸರವಿಲ್ಲ. ಇಂಥ ಊರು ಅವರು ಎಲ್ಲೂ ಕಂಡಿರಲಿಲ್ಲ. "ಇಲ್ಲಿ ಏನು ವಿಶೇಷ, ಮೇಷ್ಟ್ರೇ?" ಎಂದು ಕೇಳಿದರು.

"ಶೇಂಗಾ ಎಣ್ಣೆ" ಎಂದರು ಮೇಷ್ಟ್ರು, ಕಣ್ಣು ಮಿಟುಕಿಸದೆ. ಡಾಕ್ಟರು ಅದನ್ನೂ ಬರೆದುಕೊಂಡರು.

ಚಹಾ ತಂದ ಬಸವಲಿಂಗಮ್ಮ ತಟ್ಟೆ ಇಟ್ಟವರು ಒಳಗೆ ಹೋಗಲಿಲ್ಲ. "ಅವ್ವಾ, ಇವ್ರನ್ನೂ ಒಂದ್ಸಲ ಕೇಳಿಬಿಡು. ಇವ್ರಿಗೂ ಅರವತ್ತಾರು" ಎಂದರು.

ಮೇಷ್ಟ್ರು ನಕ್ಕರು. ಇನ್ನೂರು ಸಲ ಕೇಳಿದ ಪ್ರಶ್ನೆಪತ್ರಿಕೆ, ಉತ್ತರವೆಲ್ಲ ಬಾಯಿಪಾಠ. ಇವತ್ತು ಹೆಂಡತಿಯ ಅನುಮಾನ ಒಂದೇ ಏಟಿಗೆ ಮುಗಿಯುತ್ತದೆ ಎಂದುಕೊಂಡು ನೆಟ್ಟಗೆ ಕೂತರು.

"ಇವತ್ತು ಯಾವ ದಿನ?"

"ಆಗಸ್ಟ್ ಹದಿನೆಂಟು, ಸೋಮವಾರ."

ಅದು ಡಾಕ್ಟರು ಅವರಿಗೆ ತರಬೇತಿ ಕೊಟ್ಟ ದಿನ. ಬಸವಲಿಂಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಡಾಕ್ಟರು ಮುಖದಲ್ಲಿ ಏನೂ ತೋರಿಸದೆ, ಬೇರೆ ಮೂರು ಪದ ಹೇಳಿದರು: ಚಾಪೆ, ಗಂಟೆ, ಬೆಲ್ಲ. ಐದು ನಿಮಿಷ ಬಿಟ್ಟು ಕೇಳಿದರು.

"ಕೊಡ, ಕಂಬಳಿ, ನಿಂಬೆಹಣ್ಣು" ಎಂದರು ಮೇಷ್ಟ್ರು, ಜೋರಾಗಿ.

"ಅದಲ್ಲ ಸರ್. ಈಗ ಹೇಳಿದ್ದು."

ಈಗ ಹೇಳಿದ್ದು? ಮೇಷ್ಟ್ರ ಪಾಲಿಗೆ ಯಾರೂ ಏನೂ ಹೇಳಿರಲಿಲ್ಲ. ಖಾಲಿ ಚೀಲ ಹಿಡಿದು ಆ ಗೇಟಿನ ಮುಂದೆ ನಿಂತಾಗ ಆದ ಭಯವೇ ಮತ್ತೆ ಆಯಿತು. ಅಷ್ಟರಲ್ಲಿ, ರೊಟ್ಟಿಗೆಂದು ಬಂದು ಡಾಕ್ಟರ ಬೆನ್ನ ಹಿಂದೆ ಬಾಗಿಲ ಬಳಿ ಕೂತಿದ್ದ ಬಾಬಾ ಜಾನ್ ಕಣ್ಣಿಗೆ ಬಿದ್ದ. ಅವನು ಕೂತ ಚಾಪೆಯನ್ನು ತಟ್ಟುತ್ತಿದ್ದ. ಆಮೇಲೆ ಗಂಟೆ ಹೊಡೆಯುವವನಂತೆ ಕೈ ಆಡಿಸಿದ. ಆಮೇಲೆ ತುಟಿ ಚಪ್ಪರಿಸಿದ. ತಿಂಗಳುಗಟ್ಟಲೆ ಕೈಯೆತ್ತದೆ ಕೂತವನು, ಗೆಳೆಯನನ್ನು ಪಾಸು ಮಾಡಿಸಲು ಒದ್ದಾಡುತ್ತಿದ್ದ.

"ಚಾಪೆ" ಎನ್ನಲು ಮೇಷ್ಟ್ರು ಬಾಯಿ ತೆರೆದರು. ತಾವೂ ಹೀಗೇ ಅವನನ್ನು ಪಾಸು ಮಾಡಿಸಿದ್ದು ನೆನಪಾಗಿ, ಡಾಕ್ಟರತ್ತ ತಿರುಗಿದರು.

"ಡಾಕ್ಟ್ರಮ್ಮಾ, ಅವನು ಹೇಳಿಕೊಡ್ತಾ ಅವ್ನೆ" ಎಂದರು. "ನನಗೆ ಬರಲ್ಲ. ಸೊನ್ನೆ ಹಾಕ್ರಿ."

ಬಾಬಾ ಜಾನ್ ಕೈ ಕೆಳಗಿಳಿಸಿದ.

"ಇನ್ನೊಂದೈತೆ. ಇವನ ಹಾಳೆ ತಿದ್ದಬೇಕು. ತೃಪ್ತಿ ಐತೆ ಅಂತ ಬರೆದೋನು ನಾನು, ಅವನಲ್ಲ."

"ಅವರು ಏನಂದಿದ್ರು, ನೆನಪಿದೆಯಾ?"

"ದಿಲ್ಶಾದ್ ಹೋಗಿ ವರ್ಷಾತು ಅಂದ. ಈಗ್ಲೂ ಎರಡು ಲೋಟ ಚಾ ಮಾಡ್ತೀನಿ, ಒಂದು ಹಂಗೇ ಆರೋಗ್ತೈತೆ, ಅದನ್ನ ಚೆಲ್ಲೋಕೂ ಕೈ ಬರಲ್ಲ ಅಂದ." ಒಂದು ಪದವೂ ಆಚೀಚೆ ಆಗಲಿಲ್ಲ.

ಬಾಬಾ ಜಾನ್ ಹೆಗಲ ಟವೆಲ್ಲು ಮುಖಕ್ಕೆ ಒತ್ತಿಕೊಂಡು ಅತ್ತ. ಹೆಂಡತಿ ಸತ್ತಾಗಲೂ ಅವನು ಜನರ ಮುಂದೆ ಅತ್ತಿರಲಿಲ್ಲ. ಡಾಕ್ಟರು ಶೇಂಗಾ ಎಣ್ಣೆಯ ಸಾಲನ್ನು ಹೊಡೆದುಹಾಕಿ, ಎರಡು ಹೊಸ ಹಾಳೆ ತೆಗೆದು, ಇಬ್ಬರ ಹೆಸರನ್ನೂ ಬರೆದುಕೊಂಡರು.