ಬಾಯಿ ಹುಣ್ಣು

ರಾಜೇಶ್ವರಿ ಗಂಡನ ಹಣೆಗೆ ವಿಭೂತಿ ಹಚ್ಚುತ್ತಿದ್ದಳು. ಗೋಡೆಗೆ ಆನಿಸಿ ಕೂರಿಸಿದ್ದ ಸಿದ್ದಲಿಂಗನ ಹೆಣದ ತಲೆ ಬಾಗದಂತೆ ಗಲ್ಲಕ್ಕೆ ಬಿಳಿ ಬಟ್ಟೆ ಕಟ್ಟಿದ್ದರು.

"ನರಗುಂದದಾಗ ಕಾಳು ಕೊಳ್ಳೋ ಅಡತಿ ಅಂಗಡ್ಯಾಗ ಇವನ ಹಲ್ಲಂದ್ರ ಮಷಿನ್ ಇದ್ದಂಗ," ಎಂದ ದೊಡ್ಡಪ್ಪ ಗುರುಸಂಗಪ್ಪ. "ಒಂದ ಕಡ್ಲಿ ಕಡದು ಹಸಿ ಐತೋ ಒಣಗೈತೋ ಹೇಳ್ತಿದ್ದ. ನನ್ನ ಮಾಲೂ ಬಿಡಲಿಲ್ಲ. 'ಇನ್ನೆರಡು ದಿನ ಒಣಗಿಸ್ಕೊಂಡ ಬಾ ದೊಡ್ಡಪ್ಪ' ಅಂತ ತಿರುಗಿ ಕಳಿಸಿದ."

ಹೆಂಗಸರ ನಡುವೆ ಯಾರೋ ಸಣ್ಣಗೆ ನಕ್ಕು, ಮತ್ತೆ ಅತ್ತರು.

ನಾದಿನಿ ಶೈಲಶ್ರೀ ಚಹಾದ ಲೋಟವನ್ನು ಕುಡಿಯದೆ ಕೆಳಗಿಟ್ಟಳು.

"ಒಂದ ಗುಟುಕು ಕುಡಿಯವಾ," ಎಂದಳು ಅವಳ ತಾಯಿ ಬಾಳವ್ವ.

"ಬಾಯಿ ಉರೀತೈತಿ ಯವ್ವಾ. ಹುಣ್ಣಾಗ್ಯಾವು."

ರಾಜೇಶ್ವರಿಯ ಕೈ ನಿಂತಿತು.

*

ಸಿದ್ದಲಿಂಗನಿಗೂ ಮೊದಲು ಬಾಯಿ ಹುಣ್ಣೇ. ಕಡ್ಲಿ ಕಡಿದು ಕಡಿದು ಆಗಿದೆ ಎಂದು ಅಂಗಡಿಯವರು ನಗಾಡಿದರು. ಅವಳೂ ತುಪ್ಪ ಸವರಿದಳು. ಆಮೇಲೆ ಜ್ವರ. ಮೂತ್ರಪಿಂಡದ ರೋಗಕ್ಕೆ ಇಂಜೆಕ್ಷನ್ ಕೊಟ್ಟು ತಿಂಗಳುಗಳಾಗಿದ್ದವು. ಕಾಲಿನ ಬಾವು ಇಳಿದಿತ್ತು. ಆ ಇಂಜೆಕ್ಷನ್ನಿನ ನೆನಪೇ ಯಾರಿಗೂ ಬರಲಿಲ್ಲ.

"ಆ ಔಷಧದಿಂದ ಬಿಳಿ ರಕ್ತಕಣ ಇಷ್ಟು ತಡವಾಗಿಯೂ ಕಡಿಮೆಯಾಗ್ತಾವು," ಎಂದಿದ್ದರು ಹುಬ್ಬಳ್ಳಿಯ ಡಾಕ್ಟರು. "ಬಾಯಿ ಹುಣ್ಣು, ಜ್ವರ ಅದರ ಗುರುತು. ಜ್ವರ ಬಂದ ದಿನವೇ ಕರಕೊಂಡು ಬರಬೇಕಿತ್ತು."

ಅಣ್ಣನ ಬೆನ್ನಿಗೆ ಶೈಲಶ್ರೀಗೂ ಅದೇ ರೋಗ, ಅದೇ ಇಂಜೆಕ್ಷನ್ ಆಗಿತ್ತು.

*

ರಾಜೇಶ್ವರಿ ಎದ್ದು ನಾದಿನಿಯ ಕೊರಳು ಮುಟ್ಟಿದಳು. ಸುಡುತ್ತಿತ್ತು.

"ಯಾವಾಗಿಂದ?"

"ನಿನ್ನಿಯಿಂದ, ವೈನಿ. ಅತ್ತಿದ್ದಕ್ಕ ಇರಬೇಕು."

"ಈಗಿಂದೀಗ ಹುಬ್ಬಳ್ಳಿಗೆ ನಡಿ."

"ಮಣ್ಣು ಕೊಡೂಮಟಾ ತಡಿಯವಾ," ಎಂದ ಗುರುಸಂಗಪ್ಪ. "ಹೆಣ ಮನ್ಯಾಗಿಟ್ಟು ಹೊಸ್ತಿಲ ದಾಟತಾರೇನು? ಅದೂ ನೀನು? ಬ್ಯಾರೆ ಯಾರರ ಹೋಗಲಿ."

"ಡಾಕ್ಟರಿಗೆ ಏನ ಹೇಳಬೇಕಂತ ನನಗಷ್ಟ ಗೊತ್ತೈತ್ರಿ ಮಾವಾರ. ಇವರಿಗೂ ಹಿಂಗ ತಡದ್ವಿ. ಬೆಳಗಾಗಲಿ, ಬಸ್ ಬರಲಿ ಅಂತ."

ಬಾಳವ್ವ ಮಗನನ್ನು ನೋಡಿದಳು, ಮಗಳನ್ನು ನೋಡಿದಳು.

"ಅಲ್ಲಾವುದ್ದೀನಗ ಗಾಡಿ ತಗಿ ಅನ್ರಿ," ಎಂದಳು.

ನೆರೆಮನೆಯ ಅಲ್ಲಾವುದ್ದೀನ ಹಾರ್ನ್ ಹೊಡೆಯಲಿಲ್ಲ. ಓಣಿ ಇಕ್ಕಟ್ಟು. ಹೆಣ ಕೂರಿಸಲು ಹೂ ಕಟ್ಟಿ ನಿಲ್ಲಿಸಿದ್ದ ವಿಮಾನವನ್ನು ನಾಲ್ವರು ಎತ್ತಿ ಗೋಡೆಗೆ ಒತ್ತಿ ಹಿಡಿದರು. ಕಾರು ಅದಕ್ಕೆ ಉಜ್ಜಿಕೊಂಡೇ ಸಾಗಿತು. ತೆರೆದ ಕಿಟಕಿಯಿಂದ ಚೆಂಡುಹೂವಿನ ಮಾಲೆಯೊಂದು ಒಳಗೆ ತೂರಿ, ನಡುಗುತ್ತಿದ್ದ ಶೈಲಶ್ರೀಯ ಹೆಗಲ ಮೇಲೆ ಬಿತ್ತು.

ರಾಜೇಶ್ವರಿ ಅದನ್ನು ಎರಡೂ ಕೈಯಿಂದ ಹೊರದೂಡಿ, ಗಾಜು ಏರಿಸಿದಳು.