ಪ್ರಾರ್ಥನೆಯ ಸಂಜೆ ಬಂದ ಅತಿಥಿಗಳು

"ಕೆಂಪು ವೇಸ್ಟ್‌ಕೋಟಿನ ಮಾತು ಬೇಡ, ಮಾರಡೇಬೆ," ಎಂದು ಚರ್ಚಿನ ಗಂಡಸರ ಸಂಘದ ಮುಖಂಡ ತಾತಾ ಫಿಕೆನಿ ನೊಬಂತುವನ್ನು ಅವಳ ತವರಿನ ಕುಲದ ಹೆಸರಿನಿಂದ ಕರೆದು ಹೇಳಿದರು. "ದೇವರ ಹಾಡನ್ನ ಕುರಿಮಾಂಸದ ಜೊತೆ ತಟ್ಟೇಲಿ ಬಡಿಸಿದೋನು ನಿನ್ನ ಗಂಡ."

"ಹೊಟ್ಟೆಪಾಡು, ತಾತಾ."

"ಹೊಟ್ಟೆ ನಮಗೂ ಇತ್ತಲ್ಲ, ತಾಯಿ."

ನೊಬಂತು ತಲೆ ತಗ್ಗಿಸಿದಳು. ಕೋಣೆಯ ಮಂಚ, ಮೇಜುಗಳನ್ನು ಹೊರಗೆ ಸಾಗಿಸಿ ನೆಲಕ್ಕೆ ಹಾಸಿಗೆ ಹಾಸಿದ್ದರು. ಗಂಡ ವುಯಿಸಿಲೆಯನ್ನು ಶನಿವಾರ ಮಣ್ಣು ಮಾಡುವ ತನಕ ಅವಳು ಕಾಲು ಚಾಚಿ ಕೂರುವ ಜಾಗ ಅದೇ. ಸಂಜೆಯ ಪ್ರಾರ್ಥನೆಗೆ ಬೀದಿಯವರು ಬಂದು ಗೋಡೆಯುದ್ದಕ್ಕೂ ಕೂತಿದ್ದರು.

ದಕ್ಷಿಣ ಆಫ್ರಿಕಾದ ಗೆಬೆಖಾ ನಗರಕ್ಕೆ ಬರುವ ಪ್ರವಾಸಿಗರು ಸಮುದ್ರದಂಡೆಯ ಹೋಟೆಲುಗಳಲ್ಲಿ ಕುಡಿದು ಕುಣಿದು ಬೇಸರವಾದ ಮೇಲೆ, ಒಂದು ಸಂಜೆ ಈ ನ್ಯೂ ಬ್ರೈಟನ್ ಬಡಾವಣೆಗೆ ಮನೆಯೂಟಕ್ಕೆ ಬರುತ್ತಿದ್ದರು. ನೊಬಂತು ಅಡುಗೆ ಮಾಡುತ್ತಿದ್ದಳು. ಊಟದ ಕೊನೆಗೆ ವುಯಿಸಿಲೆ ಎದ್ದು ನಿಂತು, ಚರ್ಚಿನಲ್ಲಿ ಗಂಡಸರ ಸಂಘದವರು ಮಾಡುವ ಹಾಗೆಯೇ ಅಂಗೈಯಿಂದ ದಿಂಬು ಬಡಿದು ತಾಳ ಹಾಕುತ್ತ ಭಕ್ತಿಗೀತೆ ಹಾಡುತ್ತಿದ್ದ. ಸುದ್ದಿ ತಿಳಿದ ಸಂಘ, ತನ್ನ ಸದಸ್ಯರ ಗುರುತಾದ ಕೆಂಪು ವೇಸ್ಟ್‌ಕೋಟನ್ನು ಅವನಿಂದ ಬಿಚ್ಚಿಸಿಕೊಂಡಿತು. ಅದನ್ನು ತೊಡದೆ ಹೋದವನ ಗೋರಿಯ ಬಳಿ ಸಂಘದವರು ನಿಲ್ಲುವುದಿಲ್ಲ, ಹಾಡುವುದಿಲ್ಲ. ಜೀವಮಾನವೆಲ್ಲ ಹಾಡಿದವನು ಹಾಡಿಲ್ಲದೆ ಮಣ್ಣಿಗೆ ಹೋಗುವುದನ್ನು ನೊಬಂತುವಿಗೆ ನೆನೆಯಲೂ ಆಗುತ್ತಿರಲಿಲ್ಲ.

ಅಷ್ಟರಲ್ಲಿ ಹೊರಗೆ ವ್ಯಾನು ನಿಂತಿತು. ಬಾಗಿಲಲ್ಲಿ ನಾದಿನಿ ಥೆಂಬೆಕಾಳ ಧ್ವನಿ ಏರಿತು.

"ಲುಂಗಾ, ಕಣ್ಣಿಲ್ವೇನೋ ನಿಂಗೆ? ಸಾವಾಗಿದೆ ಅಂತ ಕಿಟಕಿ ಗಾಜಿಗೆ ಬೂದಿ ಬಳಿದಿರೋದು ಕಾಣಲ್ವಾ?"

ಪ್ರವಾಸಿಗರನ್ನು ಕರೆತರುತ್ತಿದ್ದ ಲುಂಗಾ, ನೆರೆತ ತಲೆಯ ಗಂಡಸು, ತಡವರಿಸಿದ. "ಅಕ್ಕಾ, ದೇವರಾಣೆ ಗೊತ್ತಿರ್ಲಿಲ್ಲ. ಊಟಕ್ಕೆ ಹೋದ ತಿಂಗಳೇ ಹೇಳಿದ್ದೆ. ಅಣ್ಣ ಫೋನೂ ಎತ್ಲಿಲ್ಲ."

"ಹೆಂಗೆ ಎತ್ತುತ್ತಾನೆ, ಶವಾಗಾರದಲ್ಲಿ ಮಲಗಿರೋನು?"

"ಇವರನ್ನ ವಾಪಸ್ ಕರ್ಕೊಂಡು ಹೋಗ್ತೀನಿ."

"ಸಾವಿನ ಮನೆ ಬಾಗಿಲಿಗೆ ಬಂದವರನ್ನ ಹಾಗೇ ಕಳಿಸ್ತಾರಾ? ನಿಮ್ಮಮ್ಮ ಅಷ್ಟೂ ಹೇಳಿಕೊಟ್ಟಿಲ್ವಾ? ಕರ್ಕೊಂಡ್ ಬಾ. ಟೀ, ಬ್ರೆಡ್ಡು ಇದೆ."

ಜರ್ಮನಿಯ ಹೆಂಗಸರು, ಗಂಡಸರು ನಗುನಗುತ್ತ ಒಳಗೆ ಬಂದು ಬೆಂಚಿನ ಮೇಲೆ ಕೂತರು. ಲುಂಗಾ ಅವರಿಗೆ ವಿಷಯ ತಿಳಿಸಬೇಕೆನ್ನುವಷ್ಟರಲ್ಲಿ ಹಾಡು ಶುರುವಾಯಿತು. ನಡುವೆ ಮಾತಾಡುವುದು ಹೇಗೆ? ಹಾಡು ಮುಗಿದ ಕೂಡಲೇ ಬಂದವರೆಲ್ಲ ಜೋರಾಗಿ ಚಪ್ಪಾಳೆ ತಟ್ಟಿದರು.

ಕೋಣೆಯಲ್ಲಿ ಗುಜುಗುಜು ಎದ್ದಿತು. ತಾತಾ ಫಿಕೆನಿ ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿದರು. "ಇರಲಿ. ಅವರ ಕಡೆ ದುಃಖಕ್ಕೂ ಹಾಗೇ ಮಾಡ್ತಾರೇನೋ. ಸುದ್ದಿ ಕೇಳಿ ಸಮುದ್ರ ದಾಟಿ ಬಂದಿದ್ದಾರೆ ಪಾಪ. ಲುಂಗಾ, ಅವರಲ್ಲೊಬ್ಬರು ಎದ್ದು, ತೀರಿಹೋದವನ ಬಗ್ಗೆ ನಾಲ್ಕು ಮಾತಾಡಲಿ."

ಪ್ರಾರ್ಥನೆಗೆ ಬಂದವರು ಮಾತಾಡುವುದು ವಾಡಿಕೆ. ಲುಂಗಾ ಅವರ ಕಡೆ ತಿರುಗಿ ಏನೋ ಅಂದ. ಬಿಳಿಗೂದಲಿನ ಮುದುಕಿಯೊಬ್ಬಳು ಸಂಭ್ರಮದಿಂದ ಎದ್ದು ತನ್ನ ಭಾಷೆಯಲ್ಲಿ ಮಾತಾಡಿ ಕೂತಳು. ಎಲ್ಲರೂ ಲುಂಗಾನನ್ನು ನೋಡಿದರು.

"ಈ ಮನೆ ಉಪ್ಪು ತಿಂದವರು ನಾವು ಅಂತಾರೆ," ಎಂದ ಲುಂಗಾ. "ವುಯಿಸಿಲೆ ಹಾಡು ನಮ್ಮನ್ನ ಮತ್ತೆ ದೇವರ ಹತ್ರ ಕರ್ಕೊಂಡು ಹೋಯ್ತು. ಅದಕ್ಕೇ ಅವನಿಗಾಗಿ ಅಳೋಕೆ ಬಂದಿದ್ದೀವಿ ಅಂತಾರೆ."

"ಆಮೆನ್," ಎಂದಿತು ಕೋಣೆ.

ತಾತಾ ಫಿಕೆನಿ ನೊಬಂತುವಿನ ಕಡೆ ತಿರುಗಿದರು. "ನಾನೇ ತಪ್ಪು ತಿಳ್ಕೊಂಡೆನೇನೋ. ಮಾರಡೇಬೆ, ಶನಿವಾರ ಬೆಳಿಗ್ಗೆ ಬಂದು ನನ್ನ ಕೈಯಾರೆ ಅವನಿಗೆ ಕೆಂಪು ತೊಡಿಸ್ತೀನಿ."

ನೊಬಂತು ಇಷ್ಟು ವರ್ಷ ಇಂಥವರಿಗೇ ಬಡಿಸಿದವಳು. ಮುದುಕಿಯ ಮಾತು ಅವಳಿಗೆ ಅರ್ಥವಾಗಿತ್ತು. ಲುಂಗಾ ಕಣ್ಣಿನಲ್ಲೇ ಬೇಡಿಕೊಳ್ಳುತ್ತಿದ್ದ. ಅವಳು ಕಣ್ಣು ಮುಚ್ಚಿ ತೆರೆದಳು.

"ತಾತಾ, ಆಯಮ್ಮ ಹಾಗೆ ಹೇಳ್ಲಿಲ್ಲ."

"ಅಕ್ಕಾ, ಸುಮ್ನಿರು," ಎಂದ ಲುಂಗಾ.

"ಹಾಡು ತುಂಬಾ ಚೆನ್ನಾಗಿತ್ತು, ಊಟಕ್ಕೆ ಮುಂಚೆ ಇನ್ನೊಂದು ಹಾಡ್ತೀರಾ ಅಂತ ಕೇಳಿದ್ಲು. ಇಲ್ಲಿ ಸಾವಾಗಿದೆ ಅಂತಲೇ ಅವಳಿಗೆ ಗೊತ್ತಿಲ್ಲ."

ಯಾರೋ ಕೆಮ್ಮಿದರು. ತಾತಾ ಫಿಕೆನಿಯ ಮುಖ ಬಿಗಿಯಿತು. ಆದರೆ ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ನೀನು ಬಾಯಿ ಮುಚ್ಕೊಂಡಿದ್ರೆ ಆಗೋಗ್ತಿತ್ತಲ್ಲ, ತಾಯಿ."

"ಆಗ್ತಿತ್ತು, ತಾತಾ. ಆಮೇಲೆ ವರ್ಷವೆಲ್ಲ ಸೂತಕದ ಕಪ್ಪುಟ್ಕೊಂಡು ಅವನ ಹತ್ರ ಏನಂತ ಮಾತಾಡ್ಲಿ?"

ತಾತಾ ಫಿಕೆನಿ ನಿಂತುಕೊಂಡೇ ಪ್ರಾರ್ಥನೆ ಮುಗಿಸಿ, ಟೊಪ್ಪಿಗೆ ಹಾಕಿಕೊಂಡು ಹೊರಟರು. ಸಂಘದವರು ಕೂತವರ ಕಾಲು ತುಳಿಯದಂತೆ ಒಬ್ಬೊಬ್ಬರಾಗಿ ಅವರ ಹಿಂದೆ ಹೋದರು. ಶನಿವಾರದ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ.

ಆಗ ಲುಂಗಾ ಬಗ್ಗಿ ಮುದುಕಿಯ ಕಿವಿಯಲ್ಲಿ ಎಲ್ಲವನ್ನೂ ಹೇಳಿದ. ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ಉಳಿದವರು ಮುಖ ತಗ್ಗಿಸಿ ಹೊರಗೆ ಸರಿದರು. ಅವಳು ಮಾತ್ರ ಹೋಗಲಿಲ್ಲ. ಬೂಟು ಕಳಚಿ, ಗೋಡೆ ಹಿಡಿದು, ನೋಯುವ ಮಂಡಿಗಳನ್ನು ಮೆಲ್ಲಗೆ ಮಡಿಸಿ ಹಾಸಿಗೆಯ ಅಂಚಿನಲ್ಲಿ ಕೂತಳು. ನೊಬಂತು ಸ್ವಲ್ಪ ಸರಿದು ಜಾಗ ಬಿಟ್ಟಳು. ಮುದುಕಿ ಅವಳನ್ನು ನೋಡಿ, ಅವಳ ಹಾಗೆಯೇ ತನ್ನ ಕಾಲುಗಳನ್ನೂ ನೀಳವಾಗಿ ಚಾಚಿದಳು. ಒಂದು ಕಾಲುಚೀಲದ ಹೆಬ್ಬೆರಳ ಬಳಿ ಸಣ್ಣ ತೂತಿತ್ತು.